ಬರೆದದ್ದಕ್ಕೆ ಬಿಲ್ಲು ತಡೆಹಿಡಿದರೆ ಅದನ್ನು ಏನೆಂದು ಕರೆಯಬೇಕು?

ಬದಿಯಡ್ಕದ ವರದಿಗಾರ
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯಿಂದ ಹೊರಡುವ ಒಂದು ಸಣ್ಣ ಕನ್ನಡ ವಾರಪತ್ರಿಕೆಗೆ ನಾನು 14 ವರ್ಷಗಳಿಂದ ಸುದ್ದಿ ಬರೆಯುತ್ತಿದ್ದೇನೆ. ಪತ್ರಿಕೆಯ ಹೆಸರನ್ನಾಗಲಿ, ಸಂಬಂಧಪಟ್ಟ ಸ್ಥಳೀಯಾಡಳಿತದ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಯಾರ ಮೇಲೂ ಕೆಸರೆರಚಲು ಬಂದಿಲ್ಲ, ಒಂದು ಸಂಶಯ ಬಗೆಹರಿಸಿಕೊಳ್ಳಲು ಬಂದಿದ್ದೇನೆ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಕುಡಿಯುವ ನೀರಿನ ಯೋಜನೆಯ ಬಗ್ಗೆ ಮೂರು ಕಂತುಗಳಲ್ಲಿ ಬರೆದೆ. ಗುಡ್ಡದ ಮೇಲೆ ಟ್ಯಾಂಕು ಕಟ್ಟಿದ್ದಾರೆ, ಪೈಪು ಹಾಕಿದ್ದಾರೆ, ಮನೆಮನೆಗೆ ಮೀಟರು ಕೂರಿಸಿದ್ದಾರೆ, ನೀರು ಮಾತ್ರ ಬಂದಿಲ್ಲ. ಮೂರನೆಯ ಕಂತಿನೊಂದಿಗೆ ಒಂದು ನಳ್ಳಿಯ ಚಿತ್ರ ಹಾಕಿದ್ದೆವು. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಅದು ಅಚ್ಚಾದ ತಿಂಗಳಿನಿಂದ ಟೆಂಡರ್ ಪ್ರಕಟಣೆಗಳು ಬರುವುದು ನಿಂತಿತು. ಹಿಂದೆ ಪ್ರಕಟಿಸಿದ ಏಳು ಜಾಹೀರಾತುಗಳ ಬಿಲ್ಲು ಹಾಗೆಯೇ ಉಳಿದಿದೆ. ಕೇಳಲು ಹೋದಾಗಲೆಲ್ಲ "ಕಡತ ಮೇಲಕ್ಕೆ ಹೋಗಿದೆ" ಎಂಬ ಒಂದೇ ಉತ್ತರ. ನಮ್ಮ ಮುದ್ರಣಾಲಯದ ವ್ಯಾಪಾರ ಲೈಸನ್ಸ್ ನವೀಕರಣದ ಅರ್ಜಿಯೂ ಅದೇ ಕಚೇರಿಯಲ್ಲಿದೆ, ಅದಕ್ಕೂ ಉತ್ತರವಿಲ್ಲ. ನಡುವೆ ಕಟ್ಟಡದ ಬಗ್ಗೆ ಒಂದು ನೋಟಿಸು ಬಂತು. ಅದು ಮಲಯಾಳದಲ್ಲಿದ್ದುದರಿಂದ ನಮ್ಮ ಮಾಲೀಕರು ಪಕ್ಕದ ಔಷಧದಂಗಡಿಯವರಿಂದ ಓದಿಸಿಕೊಳ್ಳಬೇಕಾಯಿತು. ಅಂದು ಸಂಜೆ ಅವರು ನನ್ನನ್ನು ಕರೆದು, "ನೀರಿನ ವಿಷಯ ಸಾಕಲ್ಲವಾ ಮಾರಾಯಾ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಮಂದಿಗೆ ಸಂಬಳ ಕೊಡಬೇಕಾದವರು ಅವರು.

ದೆಹಲಿಯಲ್ಲಿ ಒಂದು ವಾಹಿನಿಯನ್ನು ನಿಲ್ಲಿಸಿದರೆ ಅದು ಸುದ್ದಿಯಾಗುತ್ತದೆ. ನಮಗೆ "ಬರೆಯಬೇಡಿ" ಎಂದು ಯಾರೂ ಹೇಳಿಲ್ಲ, ಬರೆದು ಕೊಟ್ಟೂ ಇಲ್ಲ. ಇದನ್ನು ಅಧಿಕಾರದ ದುರುಪಯೋಗ ಎನ್ನಬಹುದೇ? ಎನ್ನಬಹುದಾದರೆ ಕೇಳುವುದು ಯಾರಲ್ಲಿ?

ಪೆರ್ಲದ ಹಳೆ ಕೇಬಲಿನವ
ಧಾರಾಳವಾಗಿ ಎನ್ನಬಹುದು. ನಾನು 22 ವರ್ಷ ಕೇಬಲ್ ನಡೆಸಿ ಬಿಟ್ಟವನು, ಅನುಭವದಿಂದ ಹೇಳುತ್ತೇನೆ.

ದಿನವೂ ಸಂಜೆ ಏಳಕ್ಕೆ ಅರ್ಧ ಗಂಟೆ ಊರಿನ ಸುದ್ದಿ ಹಾಕುತ್ತಿದ್ದೆವು, ಕನ್ನಡದಲ್ಲಿ ಸ್ವಲ್ಪ, ತುಳುವಿನಲ್ಲಿ ಸ್ವಲ್ಪ. ಒಮ್ಮೆ ಶಾಲೆಯ ಹಿಂಬದಿಯ ಕೆಂಪುಕಲ್ಲಿನ ಕೋರೆಯೊಂದನ್ನು ತೋರಿಸಿದೆವು. ಮರುವಾರ ಇಬ್ಬರು ಪುಸ್ತಕ ಹಿಡಿದುಕೊಂಡು ಬಂದು, ನಮ್ಮ ತಂತಿ ಹಾದುಹೋದ ಕಂಬಗಳನ್ನು ಒಂದೊಂದಾಗಿ ಎಣಿಸಲು ತೊಡಗಿದರು. ಕಂಬದ ಬಾಡಿಗೆ ಇಷ್ಟು ವರ್ಷದ್ದು ಬಾಕಿ ಇದೆ, ಏಳು ದಿನದೊಳಗೆ ಕಟ್ಟದಿದ್ದರೆ ತಂತಿ ಕತ್ತರಿಸುತ್ತೇವೆ ಎಂದು ಕಾಗದ ಬಂತು. ನಾನು ಲೆಕ್ಕ ಕೊಟ್ಟದ್ದಕ್ಕಿಂತ ಹೆಚ್ಚು ಕಂಬಗಳಲ್ಲಿ ತಂತಿ ಎಳೆದಿದ್ದದ್ದು ನಿಜ, ಆ ತಪ್ಪು ನನ್ನದು. ಆದರೆ ಹತ್ತು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪು ಕೋರೆಯ ಸುದ್ದಿ ಬಂದ ಮರುವಾರವೇ ಕಣ್ಣಿಗೆ ಬಿತ್ತು. ಪಕ್ಕದ ಊರಿನ ಕೇಬಲಿನವನೂ ಹಾಗೆಯೇ ಎಳೆದಿದ್ದ. ಅವನ ಕಂಬಗಳನ್ನು ಯಾರೂ ಎಣಿಸಲಿಲ್ಲ, ಏಕೆಂದರೆ ಅವನು ಸಿನಿಮಾ ಹಾಡು ಮಾತ್ರ ಹಾಕುತ್ತಿದ್ದ.

ಹಣ ಕಟ್ಟಿದೆ. ಸುದ್ದಿಯ ಅರ್ಧ ಗಂಟೆಯನ್ನೂ ನಿಲ್ಲಿಸಿದೆ.

ಮಧುವಾಹಿನಿ
ಅಣ್ಣಾ, ಆ ಸುದ್ದಿಯನ್ನು ನಾವು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೆವು. ಏಕೆ ನಿಂತಿತೆಂದು ಇವತ್ತೇ ತಿಳಿದದ್ದು.

ಹೊಸದುರ್ಗದ ವಕೀಲ
ವರದಿಗಾರರ ಪ್ರಶ್ನೆಗೆ ನೇರ ಉತ್ತರ ಕೊಡುವ ಮೊದಲು, ಇದೇ ಕೇರಳದ ಒಂದು ದೊಡ್ಡ ಪ್ರಕರಣವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಸಣ್ಣ ಪ್ರಕರಣಕ್ಕೂ ಅಳತೆಗೋಲು ಅದರಲ್ಲಿ ಸಿಗುತ್ತದೆ.

ಮೀಡಿಯಾ ಒನ್ ಎಂಬ ಮಲಯಾಳ ಸುದ್ದಿ ವಾಹಿನಿಗೆ 2011ರಲ್ಲಿ ಹತ್ತು ವರ್ಷದ ಅನುಮತಿ ಸಿಕ್ಕಿತ್ತು. ಅವಧಿ ಮುಗಿಯುವ ಮೊದಲೇ ಅವರು ನವೀಕರಣಕ್ಕೆ ಅರ್ಜಿ ಹಾಕಿದ್ದರು. 2022ರ ಜನವರಿ 31ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅದನ್ನು ನಿರಾಕರಿಸಿತು. ಕೊಟ್ಟ ಕಾರಣ ಒಂದೇ: ಗೃಹ ಸಚಿವಾಲಯದ ಭದ್ರತಾ ಒಪ್ಪಿಗೆ ಇಲ್ಲ. ಏಕೆ ಇಲ್ಲ ಎಂದು ಕೇಳಿದರೆ ಅದನ್ನು ಹೇಳಲಾಗದು ಎಂಬ ಉತ್ತರ. ಕೇರಳ ಹೈಕೋರ್ಟಿನಲ್ಲಿ ಕಾರಣಗಳನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಕೊಡಲಾಯಿತು. ವಾಹಿನಿಯ ವಕೀಲರಿಗೆ ಅದರಲ್ಲಿ ಏನಿದೆಯೆಂದು ತಿಳಿಯಲೇ ಇಲ್ಲ. ಏಕಸದಸ್ಯ ಪೀಠದಲ್ಲೂ ವಿಭಾಗೀಯ ಪೀಠದಲ್ಲೂ ವಾಹಿನಿ ಸೋತಿತು. ಮಾರ್ಚ್ 15ರಂದು ಸರ್ವೋಚ್ಚ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟ ಮೇಲೆ ಪ್ರಸಾರ ಮರಳಿ ಆರಂಭವಾಯಿತು.

ಅಂತಿಮ ತೀರ್ಪು ಬಂದದ್ದು 2023ರ ಏಪ್ರಿಲ್ 5ರಂದು, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಪೀಠದಿಂದ. ರಾಷ್ಟ್ರೀಯ ಭದ್ರತೆ ಎಂಬ ಮಾತನ್ನು ಆಧಾರವಿಲ್ಲದೆ ಗಾಳಿಯಲ್ಲಿ ತೇಲಿಬಿಡುವಂತಿಲ್ಲ, ಸರ್ಕಾರದ ನೀತಿಯನ್ನು ಟೀಕಿಸಿದ ಮಾತ್ರಕ್ಕೆ ಒಂದು ವಾಹಿನಿಯನ್ನು ವ್ಯವಸ್ಥೆಯ ವಿರೋಧಿ ಎನ್ನುವಂತಿಲ್ಲ, ಕಾರಣ ತಿಳಿಸದೆ ಹಕ್ಕನ್ನು ಕಸಿದುಕೊಳ್ಳುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂಬುದು ಆ ತೀರ್ಪಿನ ತಿರುಳು.

ವರದಿಗಾರರೇ, ನಿಮ್ಮ ವಿಷಯದಲ್ಲೂ ಕೇಳಬೇಕಾದದ್ದು ಇಷ್ಟೇ: ಕಾರಣ ಕೊಟ್ಟಿದ್ದಾರೆಯೇ? ನಿಮ್ಮ ಮಾತು ಕೇಳಿದ್ದಾರೆಯೇ? ಉಳಿದವರನ್ನೂ ಹೀಗೆಯೇ ನಡೆಸಿಕೊಂಡಿದ್ದಾರೆಯೇ? ಕಂಬ ಎಣಿಸಿದ ಕತೆಯಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ಇದೆ.

ಕುಂಬಳೆ ಸೀಮೆಯವ
ಒಂದು ಮಾತು ಸೇರಿಸಲೇಬೇಕು. ಇಲ್ಲಿ ಎಲ್ಲರೂ ದೆಹಲಿಯತ್ತ ಮಾತ್ರ ಬೆರಳು ತೋರಿಸುತ್ತಾರೆ. 2020ರ ನವೆಂಬರ್‌ನಲ್ಲಿ ತಿರುವನಂತಪುರದಿಂದ ಹೊರಟ ಸುಗ್ರೀವಾಜ್ಞೆಯನ್ನು ಮರೆತಿರಾ? ಕೇರಳ ಪೊಲೀಸ್ ಕಾಯ್ದೆಗೆ 118ಎ ಎಂಬ ಕಲಮು ಸೇರಿಸಿ, ಯಾವ ಮಾಧ್ಯಮದಲ್ಲೇ ಆಗಲಿ ಮಾನಹಾನಿಕರ ಎನಿಸಿದ್ದನ್ನು ಪ್ರಕಟಿಸಿದರೆ ಮೂರು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಎಂದು ಮಾಡಿದ್ದರು. ಮಾಧ್ಯಮ ಸ್ವಾತಂತ್ರ್ಯದ ಬಗ್ಗೆ ದಿನವೂ ಮಾತನಾಡುವ ಪಕ್ಷದ ಸರ್ಕಾರವೇ ಅದನ್ನು ತಂದದ್ದು.

ಮತ್ತೊಂದು ಮಾತು. ಭದ್ರತೆಯ ಗುಪ್ತ ಮಾಹಿತಿಯನ್ನೆಲ್ಲ ಬಯಲಲ್ಲಿ ಇಡಲು ಯಾವ ದೇಶದಲ್ಲೂ ಆಗುವುದಿಲ್ಲ. ನಮ್ಮದು ಗಡಿ ಜಿಲ್ಲೆ, ಕರಾವಳಿ ಜಿಲ್ಲೆ. ಎಲ್ಲ ನಿಯಂತ್ರಣವನ್ನೂ ದುರುಪಯೋಗ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಹೊಸದುರ್ಗದ ವಕೀಲ
118ಎ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದೇ ಕಾಯ್ದೆಯ 118(ಡಿ) ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ, ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಜೊತೆಗೇ ರದ್ದುಪಡಿಸಿತ್ತು. ಆ ಗಾಯ ಆರುವ ಮೊದಲೇ 118ಎ ತಂದರು. ಎಲ್ಲ ಕಡೆಯಿಂದ ವಿರೋಧ ಬಂದು ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡರು ಎಂಬುದನ್ನೂ ಹೇಳಬೇಕು.

ಭದ್ರತೆಯ ಗುಟ್ಟನ್ನೆಲ್ಲ ಬಯಲಿಗೆ ಇಡಬೇಕೆಂದು ಆ ತೀರ್ಪೂ ಹೇಳಿಲ್ಲ. ಯಾವುದನ್ನು ಮುಚ್ಚಿಡಬೇಕು, ಎಷ್ಟು ಮುಚ್ಚಿಡಬೇಕು ಎಂಬುದನ್ನು ನ್ಯಾಯಾಲಯ ತೂಗಿ ನೋಡಬೇಕೇ ಹೊರತು, ಲಕೋಟೆಗೆ ಅರಗು ಹಾಕಿದ್ದಾರೆ ಎಂಬ ಕಾರಣಕ್ಕೆ ಕೈಮುಗಿಯಬಾರದು ಎಂದಷ್ಟೇ ಹೇಳಿದೆ.

ತಲಪಾಡಿಯಿಂದಾಚೆ
ಇದು ಗಡಿಯ ಆಚೆಗೂ ಇದೆ. ನಮ್ಮ ಕರ್ನಾಟಕದ ಪವರ್ ಟಿವಿ ಪ್ರಕರಣ ನೆನಪಿರಬಹುದು. ಪರವಾನಗಿ ನವೀಕರಣ ಆಗಿಲ್ಲ ಎಂಬ ಆಧಾರದಲ್ಲಿ 2024ರ ಜೂನ್‌ನಲ್ಲಿ ಹೈಕೋರ್ಟ್ ಪ್ರಸಾರಕ್ಕೆ ತಡೆ ಕೊಟ್ಟಿತ್ತು. ಜುಲೈ 12ರಂದು ಸರ್ವೋಚ್ಚ ನ್ಯಾಯಾಲಯ ಆ ತಡೆಯನ್ನು ತಡೆಹಿಡಿಯುವಾಗ, ಇದು ರಾಜಕೀಯ ದ್ವೇಷದಂತೆ ಕಾಣುತ್ತದೆ ಎಂಬ ಅಭಿಪ್ರಾಯವನ್ನೇ ವ್ಯಕ್ತಪಡಿಸಿತು. ಆ ವಾಹಿನಿಯ ಸುದ್ದಿಯ ಧಾಟಿ ನನಗೆ ಹಿಡಿಸುವುದಿಲ್ಲ. ಆದರೆ ಹಿಡಿಸದ ವಾಹಿನಿಯ ವಿಷಯದಲ್ಲಿ ನಾನು ಸುಮ್ಮನಿದ್ದರೆ, ಹಿಡಿಸಿದ ವಾಹಿನಿಯ ಸರದಿ ಬಂದಾಗ ಮಾತನಾಡಲು ನನಗೆ ಬಾಯಿ ಇರುವುದಿಲ್ಲ.

ಉಪ್ಪಳದ ಹುಡುಗ
ಪತ್ರಿಕೆಗೂ ಹೀಗೆ ಹತ್ತು ವರ್ಷಕ್ಕೊಮ್ಮೆ ಲೈಸನ್ಸ್ ನವೀಕರಿಸಬೇಕೇ?

ಹೊಸದುರ್ಗದ ವಕೀಲ
ಇಲ್ಲ, ವ್ಯತ್ಯಾಸ ಇರುವುದೇ ಅಲ್ಲಿ. ವಾಹಿನಿಗೆ ಬೇಕಾದದ್ದು ಅನುಮತಿ, ಪತ್ರಿಕೆಗೆ ಬೇಕಾದದ್ದು ನೋಂದಣಿ. 1867ರ ಬ್ರಿಟಿಷರ ಕಾಯ್ದೆಯಂತೆ ಮೊದಲು ಜಿಲ್ಲಾ ದಂಡಾಧಿಕಾರಿಯ ಮುಂದೆ ಘೋಷಣಾಪತ್ರ ಕೊಡಬೇಕಿತ್ತು. ಅದರ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ; ಈಗ ಎಲ್ಲವೂ ಆನ್‌ಲೈನ್ ಆಗಿದೆ. ಆದ್ದರಿಂದ ಪತ್ರಿಕೆಯನ್ನು ಹಿಂಡುವವರು ನೋಂದಣಿಯ ತಂಟೆಗೆ ಹೋಗುವುದು ಕಡಿಮೆ. ಕಾಗದ, ಜಾಹೀರಾತು, ಕಟ್ಟಡ, ಕರೆಂಟು, ತೆರಿಗೆ, ಇವುಗಳ ಮೂಲಕ ಬರುತ್ತಾರೆ. ತುರ್ತುಪರಿಸ್ಥಿತಿ ಬಂದ 1975ರ ಜೂನ್ 25ರ ರಾತ್ರಿ ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳ ಕರೆಂಟು ಹೋಗಿತ್ತು. ಸೆನ್ಸಾರ್ ಆದೇಶ ಕೈಸೇರುವ ಮೊದಲೇ ಅಚ್ಚಿನ ಯಂತ್ರ ನಿಂತಿತ್ತು.

ಸೊಲ್ಲಾಪುರದ ನೇಕಾರ
ಕಾಗದ ಎಂದಿರಲ್ಲ ವಕೀಲರೇ, ಆ ಕತೆಯನ್ನು ನಮ್ಮ ಮಹಾರಾಷ್ಟ್ರದವರು ಹೇಳಬೇಕು. ನಾವು ಮನೆಯಲ್ಲಿ ಕನ್ನಡ ಮಾತನಾಡಿದರೂ ಬೆಳಗ್ಗೆ ಕೈಗೆ ಬರುವುದು ಮರಾಠಿ ಪತ್ರಿಕೆ.

ಪುಣೆಯ "ಸಕಾಳ್" ಪತ್ರಿಕೆ ಆಗ ಏಳು ನಯಾಪೈಸೆಗೆ ಮಾರಾಟವಾಗುತ್ತಿತ್ತು. ವಾರದ ಆರು ದಿನಗಳಲ್ಲಿ ಒಟ್ಟು 34 ಪುಟ ಕೊಡುತ್ತಿತ್ತು. ಕೇಂದ್ರ ಸರ್ಕಾರ 1956ರಲ್ಲಿ ಬೆಲೆ ಮತ್ತು ಪುಟದ ಕಾಯ್ದೆ ಮಾಡಿ, 1960ರಲ್ಲಿ ಒಂದು ಆದೇಶ ಹೊರಡಿಸಿತು. ಏಳು ಪೈಸೆಗೆ 24 ಪುಟಕ್ಕಿಂತ ಹೆಚ್ಚು ಕೊಡಬಾರದು, ಹೆಚ್ಚು ಕೊಡಬೇಕಾದರೆ ಬೆಲೆ ಏರಿಸಬೇಕು. ದೊಡ್ಡ ಪತ್ರಿಕೆಗಳು ಸಣ್ಣ ಪತ್ರಿಕೆಗಳನ್ನು ನುಂಗಬಾರದು ಎಂಬುದು ಅವರು ಕೊಟ್ಟ ಕಾರಣ. ಕಾರಣ ಕೇಳಲು ಚೆನ್ನಾಗಿಯೇ ಇದೆ. ಆದರೆ ಪುಟ ಇಳಿಸಿದರೆ ಸುದ್ದಿ ಇಳಿಯುತ್ತದೆ, ಬೆಲೆ ಏರಿಸಿದರೆ ಓದುಗ ಇಳಿಯುತ್ತಾನೆ. ಎರಡರಲ್ಲಿ ಯಾವುದಾದರೂ ಮಾತಿನ ಹಕ್ಕಿಗೇ ಪೆಟ್ಟು ಎಂದು 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯ್ದೆಯನ್ನೇ ತಳ್ಳಿಹಾಕಿತು. ಮುಂದೆ 1972ರಲ್ಲಿ ಅಚ್ಚುಕಾಗದದ ಕೋಟಾ, ಹತ್ತು ಪುಟದ ಮಿತಿ ಎಂದು ಮತ್ತೊಂದು ರೂಪದಲ್ಲಿ ಅದೇ ಬಂತು, ಅದೂ ನ್ಯಾಯಾಲಯದಲ್ಲಿ ಬಿತ್ತು.

ನಮ್ಮಲ್ಲಿ ನೂಲಿನ ಕೋಟಾ ಹಂಚುತ್ತಿದ್ದ ಕಾಲವನ್ನು ನನ್ನ ತಂದೆ ಕಂಡಿದ್ದರು. ಮಗ್ಗ ಮುರಿಯುವ ಅಗತ್ಯ ಯಾರಿಗೂ ಇರಲಿಲ್ಲ, ನೂಲು ತಡವಾಗಿ ಬಂದರೆ ಸಾಕಿತ್ತು ಎನ್ನುತ್ತಿದ್ದರು. ಕಾಗದದ ಕತೆಯೂ ಅದೇ ಎಂದು ನನಗೆ ಅನಿಸುತ್ತದೆ.

ನಿವೃತ್ತ ಮಾಸ್ತರ್, ಮುಳ್ಳೇರಿಯ
ಬಹಳ ಒಳ್ಳೆಯ ಚರ್ಚೆ. ನಾನೂ ಎರಡು ಹಳೆಯ ವಿಷಯ ಸೇರಿಸುತ್ತೇನೆ.

ಮೊದಲನೆಯದು ನಮ್ಮ ಮಣ್ಣಿಗೇ ಸಂಬಂಧಿಸಿದ್ದು. 1950ರಲ್ಲಿ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ವರ್ಷ ಮಾರ್ಚ್ 1ರಂದು ಮದ್ರಾಸ್ ಸರ್ಕಾರ, ಮುಂಬಯಿಯಿಂದ ಬರುತ್ತಿದ್ದ "ಕ್ರಾಸ್ ರೋಡ್ಸ್" ಎಂಬ ಇಂಗ್ಲಿಷ್ ವಾರಪತ್ರಿಕೆ ರಾಜ್ಯದೊಳಗೆ ಕಾಲಿಡಬಾರದೆಂದು ಆದೇಶ ಮಾಡಿತು. ಸಂವಿಧಾನ ಜಾರಿಯಾಗಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಸಂಪಾದಕ ರೊಮೇಶ್ ಥಾಪರ್ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಬರೆಯುವ ಸ್ವಾತಂತ್ರ್ಯವೆಂದರೆ ಬರೆದದ್ದು ಓದುಗನ ಕೈಸೇರುವ ಸ್ವಾತಂತ್ರ್ಯವೂ ಹೌದು ಎಂದು ಮೇ 26ರಂದು ತೀರ್ಪಾಯಿತು. ಆ ನಿಷೇಧ ನಮ್ಮ ಹಿರಿಯರ ಮೇಲೂ ಇತ್ತು, ಆ ಬಿಡುಗಡೆಯೂ ಅವರದ್ದಾಗಿತ್ತು.

ಎರಡನೆಯದು ತಿರುವಾಂಕೂರಿನದು. 1938ರಲ್ಲಿ ದಿವಾನ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರ ಆಡಳಿತ ಕೋಟ್ಟಯಂನಲ್ಲಿ "ಮಲಯಾಳ ಮನೋರಮಾ" ಪತ್ರಿಕೆಯನ್ನು ಮುಚ್ಚಿಸಿ ಅಚ್ಚುಕೂಟಕ್ಕೆ ಬೀಗ ಹಾಕಿಸಿತು. ಆ ಕುಟುಂಬಕ್ಕೆ ಸಂಬಂಧಿಸಿದ ಬ್ಯಾಂಕು ಅದೇ ವರ್ಷ ಕುಸಿಯಿತು, ಸಂಪಾದಕ ಮಾಮ್ಮನ್ ಮಾಪಿಳ್ಳೆ ಅವರು ಜೈಲು ಸೇರಿದರು. ಪತ್ರಿಕೆ ಕೆಲವು ತಿಂಗಳು ಗಡಿ ದಾಟಿ, ಕೊಚ್ಚಿ ಸಂಸ್ಥಾನದ ಕುನ್ನಂಕುಳಂನಿಂದ ಹೊರಟಿತು. ಮತ್ತೆ ಕೋಟ್ಟಯಂನಲ್ಲಿ ಅಚ್ಚಾಗಲು 1947ರ ನವೆಂಬರ್ ಬರಬೇಕಾಯಿತು. ಒಂದು ಆಡಳಿತಕ್ಕೆ ಸಿಟ್ಟು ಬಂದರೆ ಪಕ್ಕದ ಆಡಳಿತದ ನೆಲದಲ್ಲಿ ಕಾಲೂರಬಹುದಾಗಿತ್ತು. ಈಗಿನ ವಾಹಿನಿಗೆ ಆ ಕುನ್ನಂಕುಳಂ ಎಲ್ಲಿದೆ? ಉಪಗ್ರಹಕ್ಕೆ ಸಂಕೇತ ಕಳುಹಿಸುವ ಅನುಮತಿ ಇಡೀ ದೇಶಕ್ಕೆ ಒಂದೇ ಮೇಜಿನಲ್ಲಿ ಸಿಗುವುದು.

ಉಪ್ಪಳದ ಹುಡುಗ
ಮಾಸ್ತರರೇ, "ಸ್ವದೇಶಾಭಿಮಾನಿ" ಪತ್ರಿಕೆಯ ಸಂಪಾದಕ ರಾಮಕೃಷ್ಣ ಪಿಳ್ಳೆಯವರದ್ದೂ ಇದೇ ಕತೆಯಲ್ಲವೇ? ಅವರ ಸಮಾಧಿಯನ್ನು ಕಣ್ಣೂರಿನ ಪಯ್ಯಾಂಬಲ ಕಡಲತೀರದಲ್ಲಿ ನೋಡಿದ್ದೇನೆ.

ನಿವೃತ್ತ ಮಾಸ್ತರ್, ಮುಳ್ಳೇರಿಯ
ಹೌದು ಮಗು. 1910ರ ಸೆಪ್ಟೆಂಬರ್ 26ರಂದು ಅಚ್ಚುಕೂಟವನ್ನು ಮುಟ್ಟುಗೋಲು ಹಾಕಿ, ಅವರನ್ನು ತಿರುವಾಂಕೂರಿನಿಂದ ಗಡೀಪಾರು ಮಾಡಿದರು. 1916ರಲ್ಲಿ ಕಣ್ಣೂರಿನಲ್ಲೇ ತೀರಿಕೊಂಡರು. ಪತ್ರಿಕೆಯ ಮಾಲೀಕರಾಗಿದ್ದ ವಕ್ಕಂ ಮೌಲವಿಯವರನ್ನೂ ನೆನೆಯಬೇಕು. ಸಂಪಾದಕರ ಲೇಖನಿಗೆ ಅವರು ಎಂದೂ ಅಡ್ಡ ಬರಲಿಲ್ಲ. ಅಚ್ಚುಕೂಟ ಹೋದದ್ದು ಅವರದ್ದು.

ಮಡಕಶಿರಾದ ಮನೆ
ಆಂಧ್ರದ ಗಡಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಸರ್ಕಾರ ಬದಲಾದರೆ ಮೊದಲು ಬದಲಾಗುವುದು ಟಿವಿಯ ಚಾನೆಲ್ ಪಟ್ಟಿ. 2019ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಟಿವಿ5, ಎಬಿಎನ್ ಆಂಧ್ರಜ್ಯೋತಿ ಅನೇಕ ಕಡೆ ಕೇಬಲಿನಲ್ಲಿ ಕಾಣದಾದವು. 2024ರ ಜೂನ್‌ನಲ್ಲಿ ಆ ಸರ್ಕಾರ ಸೋತ ಕೂಡಲೇ ಟಿವಿ9, ಎನ್‌ಟಿವಿ, ಸಾಕ್ಷಿ ಕಾಣದಾದವು. ಆಗಲೂ ಈಗಲೂ ಸರ್ಕಾರದವರು, ಇದರಲ್ಲಿ ತಮ್ಮ ಕೈವಾಡ ಇಲ್ಲ ಎಂದೇ ಹೇಳಿದರು. ಕೊನೆಗೆ ದೆಹಲಿ ಹೈಕೋರ್ಟ್, ನಿಲ್ಲಿಸಿದ್ದನ್ನು ಮರಳಿ ತೋರಿಸಿ ಎಂದು ಕೇಬಲ್ ಸಂಸ್ಥೆಗಳಿಗೆ ಹೇಳಬೇಕಾಯಿತು.

ನಮ್ಮ ತಾಯಿಗೆ ಓದು ಬಾರದು, ಚಾನೆಲನ್ನು ನಂಬರಿನಿಂದಲೇ ಗುರುತಿಸುತ್ತಾರೆ. ಆ ದಿನ ಅದೇ ನಂಬರು ಮೂರು ಸಲ ಒತ್ತಿದರು, ನೀಲಿ ಪರದೆ ಬಂತು. ರಿಮೋಟಿನ ಸೆಲ್ ಹೋಗಿದೆಯೆಂದು ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದರು. ಕೇಬಲಿನ ಹುಡುಗನಿಗೆ ಫೋನ್ ಮಾಡಿದರೆ, "ಮೇಲಿನಿಂದಲೇ ನಿಂತಿದೆ ಅಮ್ಮಾ, ನಮ್ಮ ಕೈಯಲ್ಲಿಲ್ಲ" ಎಂದ. ಮೇಲಿನಿಂದ ಎಂದರೆ ಎಲ್ಲಿಂದ ಎಂದು ಅವರು ನನ್ನನ್ನು ಕೇಳಿದರು, ನನಗೆ ಹೇಳಲು ಆಗಲಿಲ್ಲ.

ಪೆರ್ಲದ ಹಳೆ ಕೇಬಲಿನವ
"ಮೇಲಿನಿಂದ", "ಕಡತ ಮೇಲಕ್ಕೆ ಹೋಗಿದೆ". ಎರಡೂ ಒಂದೇ ಭಾಷೆ ನೋಡಿ.

ತಾಳವಾಡಿ
ತಮಿಳುನಾಡಿನಲ್ಲಿ ಸರ್ಕಾರವೇ ಕೇಬಲಿನ ಒಡೆಯ. ಅರಸು ಕೇಬಲ್ ಸಂಸ್ಥೆ ಹುಟ್ಟಿದ್ದು 2007ರಲ್ಲಿ, ಆಳುವ ಕುಟುಂಬಕ್ಕೂ ಕೇಬಲ್ ವ್ಯಾಪಾರದಲ್ಲಿದ್ದ ಅದರ ಬಂಧುಗಳಿಗೂ ಮನಸ್ತಾಪ ಬಂದಾಗ. ಮನಸ್ತಾಪ ತೀರಿತು, ಸಂಸ್ಥೆ ಮಂಕಾಯಿತು. 2011ರಲ್ಲಿ ಬಂದ ಎದುರು ಪಕ್ಷದ ಸರ್ಕಾರ ಅದಕ್ಕೆ ಮರುಜೀವ ಕೊಟ್ಟು ತಿಂಗಳಿಗೆ 70 ರೂಪಾಯಿಗೆ ಸಂಪರ್ಕ ಕೊಟ್ಟಿತು. ಬಡವರಿಗೆ ಅದರಿಂದ ಅನುಕೂಲವಾದದ್ದು ಸುಳ್ಳಲ್ಲ, ನಮ್ಮ ಮನೆಯಲ್ಲೂ ಅದೇ ಇತ್ತು. ಆದರೆ ಯಾವ ವಾಹಿನಿ ಎಲ್ಲಿ ಕಾಣಬೇಕು ಎನ್ನುವ ಕೀಲಿ ಆಳುವವರ ಕೈಯಲ್ಲಿ ಇರಬಾರದು. ಸರ್ಕಾರಗಳು ಪ್ರಸಾರ ಹಂಚಿಕೆಗೆ ಇಳಿಯುವುದು ಬೇಡವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2008ರಲ್ಲೂ 2012ರಲ್ಲೂ ಶಿಫಾರಸು ಮಾಡಿತ್ತು.

ಗಡಿನಾಡ ಸಹಕಾರಿ
ನಾನು ಎಲ್ಲರಿಗಿಂತ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸರ್ಕಾರಿ ಜಾಹೀರಾತು ಯಾರ ಹಕ್ಕೂ ಅಲ್ಲ. ಜಾಹೀರಾತು ನಿಂತರೆ ನಿಲ್ಲುವ ಪತ್ರಿಕೆ ಮೊದಲಿನಿಂದಲೂ ಸ್ವತಂತ್ರವಾಗಿರಲಿಲ್ಲ ಎಂದೇ ಅರ್ಥ. ಅಲ್ಲದೆ ನಮ್ಮ ಜಿಲ್ಲೆಯಲ್ಲೇ, ಸುದ್ದಿ ಹಾಕುತ್ತೇನೆಂದು ಹೆದರಿಸಿ ಕಲ್ಯಾಣಮಂಟಪದವರಿಂದ, ಕೋರೆಯವರಿಂದ ಹಣ ಕೀಳುವವರನ್ನು ನಾನು ಕಂಡಿದ್ದೇನೆ. ನಮ್ಮ ಸೊಸೈಟಿಗೂ ಒಬ್ಬರು ಬಂದಿದ್ದರು. ಅಂಥವರ ಮೇಲೆ ನಿಯಂತ್ರಣ ಬೇಡವೇ? ನಿಯಂತ್ರಿಸಿದ ಕೂಡಲೇ ಸ್ವಾತಂತ್ರ್ಯ ಹೋಯಿತು ಎಂದು ಕೂಗುತ್ತಾರೆ.

ಬದಿಯಡ್ಕದ ವರದಿಗಾರ
ಹಣ ಕೀಳುವವರ ಬಗ್ಗೆ ನೀವು ಹೇಳಿದ್ದು ನಿಜ, ಅದರ ನಾಚಿಕೆಯನ್ನು ನಾವೂ ಹೊರುತ್ತೇವೆ. ಅಂಥವರ ಮೇಲೆ ಪೊಲೀಸ್ ದೂರು ಕೊಡಿ, ನಾನೇ ಸಾಕ್ಷಿಗೆ ಬರುತ್ತೇನೆ. ಆದರೆ ನನ್ನ ಮೂರು ಕಂತುಗಳಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ತಪ್ಪಿದ್ದರೆ ತಿದ್ದುಪಡಿ ಹಾಕುತ್ತೇವೆಂದು ಪತ್ರ ಬರೆದಿದ್ದೆವು, ಅದಕ್ಕೆ ಉತ್ತರ ಬಂದಿಲ್ಲ. ಸುಳ್ಳು ಬರೆದವನಿಗೂ ನಿಜ ಬರೆದವನಿಗೂ ಒಂದೇ ಶಿಕ್ಷೆಯಾದರೆ ಅದು ನಿಯಂತ್ರಣ ಹೇಗಾಗುತ್ತದೆ ಅಣ್ಣಾ?

ಹೊಸದುರ್ಗದ ವಕೀಲ
ಸಹಕಾರಿಯವರ ವಾದದಲ್ಲಿ ಅರ್ಧ ಒಪ್ಪುತ್ತೇನೆ. ಮುಂದಿನ ಜಾಹೀರಾತನ್ನು ನಮಗೇ ಕೊಡಿ ಎಂದು ಯಾವ ಪತ್ರಿಕೆಯೂ ಹಕ್ಕಿನಿಂದ ಕೇಳಲಾಗದು. ಆದರೆ ಅದು ಜನರ ಹಣ. ಯಾರಿಗೆ ಎಷ್ಟು ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ನಿಯಮ ಇರಬೇಕು. ಸರ್ಕಾರಿ ಜಾಹೀರಾತು ಪಕ್ಷದ ಪ್ರಚಾರವಾಗಬಾರದೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಇನ್ನು ಈಗಾಗಲೇ ಅಚ್ಚಾದ ಏಳು ಜಾಹೀರಾತುಗಳ ವಿಷಯವೇ ಬೇರೆ, ಅದು ಅವರು ತೀರಿಸಬೇಕಾದ ಸಾಲ. ಸಾಲವನ್ನು ಕೃಪೆಯಂತೆ ನಡೆಸಿಕೊಳ್ಳುವುದೇ ಒತ್ತಡ.

ತಲಪಾಡಿಯಿಂದಾಚೆ
ಹೊರದೇಶದಲ್ಲೂ ಇದೇ ನಡೆದಿದೆ. ವಾಟರ್‌ಗೇಟ್ ಹಗರಣವನ್ನು ವಾಷಿಂಗ್ಟನ್ ಪೋಸ್ಟ್ ಕೆದಕುತ್ತಿದ್ದಾಗ ಅಧ್ಯಕ್ಷ ನಿಕ್ಸನ್, ಆ ಸಂಸ್ಥೆಯ ಟಿವಿ ಕೇಂದ್ರಗಳ ಪರವಾನಗಿ ನವೀಕರಣದಲ್ಲಿ ತೊಂದರೆಯಾಗಲಿದೆ ಎಂದು ತಮ್ಮವರೊಡನೆ ಆಡಿದ ಮಾತು ಧ್ವನಿಮುದ್ರಿಕೆಯಲ್ಲೇ ಸಿಕ್ಕಿದೆ. ಫ್ಲೋರಿಡಾದಲ್ಲಿ ಅವರಿಗಿದ್ದ ಎರಡು ಕೇಂದ್ರಗಳ ನವೀಕರಣವನ್ನು ಪ್ರಶ್ನಿಸಿ ಅರ್ಜಿಗಳು ಬಿದ್ದವು. ಕೊನೆಗೆ ನವೀಕರಣ ಆಯಿತು, ಆದರೆ ಅಷ್ಟರಲ್ಲಿ ಕಂಪನಿಯ ಷೇರು ಬೆಲೆ ಇಳಿದಿತ್ತು. ಪತ್ರಿಕೆಯನ್ನು ಮುಟ್ಟಲು ಆಗದಿದ್ದರೆ ಅದರ ಟಿವಿಯನ್ನು ಮುಟ್ಟುತ್ತಾರೆ.

ಮಧುವಾಹಿನಿ
ಒಂದು ಸಣ್ಣ ಪ್ರಶ್ನೆ. ಮಂಗಳೂರಿನ ಖಾಸಗಿ ಎಫ್‌ಎಂ ನಮಗೆ ಇಲ್ಲಿಯೂ ಅಲ್ಪಸ್ವಲ್ಪ ಕೇಳಿಸುತ್ತದೆ. ಅವರೇಕೆ ಸುದ್ದಿ ಹೇಳುವುದಿಲ್ಲ?

ಪೆರ್ಲದ ಹಳೆ ಕೇಬಲಿನವ
ಅನುಮತಿ ಇಲ್ಲ ತಂಗೀ. ಖಾಸಗಿ ಎಫ್‌ಎಂನವರು ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ ಹಾಕಬಹುದು ಅಷ್ಟೇ, ಸ್ವಂತ ಸುದ್ದಿ ಓದುವಂತಿಲ್ಲ. ಸಮುದಾಯ ರೇಡಿಯೊಗೂ ಅದೇ ಕಟ್ಟುಪಾಡು. ಮೊಬೈಲಿನಲ್ಲಿ ಇಡೀ ಜಗತ್ತಿನ ಸುದ್ದಿ ಬರುವ ಈ ಕಾಲದಲ್ಲಿ, ಊರಿನ ರೇಡಿಯೊ ಊರಿನ ನೀರಿನ ಸುದ್ದಿ ಹೇಳಬಾರದು ಎನ್ನುವುದಕ್ಕೆ ನನಗೆ ಯಾವ ನ್ಯಾಯವೂ ಕಾಣುವುದಿಲ್ಲ.

ಕುಂಬಳೆ ಸೀಮೆಯವ
ಇದನ್ನು ನಾನೂ ಒಪ್ಪುತ್ತೇನೆ. ಯಾವ ಪಕ್ಷ ಬಂದರೂ ಆ ನಿಯಮವನ್ನು ತೆಗೆದಿಲ್ಲ.

ನಿರ್ವಾಹಕರು
ಪಕ್ಷಗಳ ಹೆಸರು ಹಿಡಿದು ಬೈದ ಎರಡು ಪ್ರತಿಕ್ರಿಯೆಗಳನ್ನು ತೆಗೆಯಲಾಗಿದೆ. ದಯವಿಟ್ಟು ಮೂಲ ಪ್ರಶ್ನೆಗೆ ಮರಳಿ.

ಹೊಸದುರ್ಗದ ವಕೀಲ
ಮರಳೋಣ. ವರದಿಗಾರರೇ, ನೀವು ಮಾಡಬಹುದಾದ ಕೆಲಸಗಳನ್ನು ಹೇಳುತ್ತೇನೆ.

ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. "ನಮ್ಮ ಜಾಹೀರಾತು ಏಕೆ ನಿಲ್ಲಿಸಿದಿರಿ" ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಕಳೆದ ಎರಡು ವರ್ಷಗಳಲ್ಲಿ ಯಾವ ಯಾವ ಪತ್ರಿಕೆಗೆ ಯಾವ ದಿನಾಂಕದಲ್ಲಿ ಎಷ್ಟು ಜಾಹೀರಾತು ಕೊಟ್ಟಿರಿ, ಯಾವ ಬಿಲ್ಲು ಯಾವ ದಿನ ಪಾವತಿಯಾಯಿತು, ನಮ್ಮ ಬಿಲ್ಲಿನ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ ಎಂದು ಕೇಳಿ. ದಾಖಲೆ ಕೇಳಿದರೆ 30 ದಿನದೊಳಗೆ ಉತ್ತರಿಸಲೇಬೇಕು. ಎಲ್ಲರ ಬಿಲ್ಲೂ ಪಾವತಿಯಾಗಿ ನಿಮ್ಮದು ಮಾತ್ರ ಉಳಿದಿದ್ದರೆ ಆ ಹಾಳೆಯೇ ಸಾಕ್ಷಿ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ತಮ್ಮ ಭಾಷೆಯಲ್ಲೇ ಸರ್ಕಾರದೊಡನೆ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆ ಕಟ್ಟಡದ ನೋಟಿಸಿಗೂ "ಕನ್ನಡದಲ್ಲಿ ಕೊಡಿ, ಆಮೇಲೆ ಉತ್ತರಿಸುತ್ತೇವೆ" ಎಂದು ಲಿಖಿತವಾಗಿ ತಿಳಿಸಿ. ಔಷಧದಂಗಡಿಯವರು ಓದಿ ಹೇಳಿದ್ದನ್ನು ನಂಬಿ ಉತ್ತರ ಕೊಟ್ಟು ಸಿಕ್ಕಿಹಾಕಿಕೊಳ್ಳಬೇಡಿ.

ಮುಖ್ಯವಾದದ್ದು ಲೈಸನ್ಸ್. ಪಂಚಾಯತ್ ರಾಜ್ ಕಾಯ್ದೆಯಲ್ಲಿ, ಅರ್ಜಿ ಹಾಕಿದ ಮೇಲೆ ನಿಗದಿತ ಅವಧಿಯೊಳಗೆ ಆದೇಶ ತಿಳಿಸದಿದ್ದರೆ ಅದು ಮಂಜೂರಾದಂತೆ ಎಂಬ ಅವಕಾಶ ಇದೆ. ಅದಕ್ಕೆ ಅರ್ಜಿ ಕೊಟ್ಟ ದಿನಾಂಕದ ರಶೀದಿ ಬೇಕು. ಇದೆಯೇ?

ಬದಿಯಡ್ಕದ ವರದಿಗಾರ
ಬಹಳ ಉಪಕಾರವಾಯಿತು ವಕೀಲರೇ. ರಶೀದಿಯನ್ನು ಮಾಲೀಕರಲ್ಲಿ ಕೇಳುತ್ತೇನೆ.

ಬದಿಯಡ್ಕದ ವರದಿಗಾರ
ಸಿಕ್ಕಿತು. ಹಳೆಯ ಬ್ಲಾಕುಗಳನ್ನು ಇಡುವ ಮರದ ಪೆಟ್ಟಿಗೆಯಲ್ಲಿ ಕರೆಂಟು ಬಿಲ್ಲುಗಳ ಜೊತೆಗೆ ಇತ್ತು. ಮೊಹರು ಸ್ಪಷ್ಟವಾಗಿದೆ, ಫೆಬ್ರವರಿ 11. ಲೆಕ್ಕ ಹಾಕಿದರೆ ನಾಲ್ಕು ತಿಂಗಳು ಕಳೆದಿದೆ. ಮಾಲೀಕರು ಅದನ್ನು ನೋಡಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿಗೆ ತಾವೇ ಸಹಿ ಹಾಕುತ್ತೇನೆ, ನಿನ್ನ ಹೆಸರು ಬೇಡ ಎಂದರು.

ಹೊಸದುರ್ಗದ ವಕೀಲ
ಬುಧವಾರ ನಾನು ವಿದ್ಯಾನಗರದ ನ್ಯಾಯಾಲಯದಲ್ಲಿರುತ್ತೇನೆ. ರಶೀದಿಯ ಮೂಲಪ್ರತಿಯನ್ನು ಮನೆಯಲ್ಲೇ ಇಟ್ಟು, ಎರಡು ನಕಲು ತನ್ನಿ. ಏಳು ಜಾಹೀರಾತುಗಳು ಅಚ್ಚಾದ ಸಂಚಿಕೆಗಳೂ ಇರಲಿ.

ಮಧುವಾಹಿನಿ
ಇಷ್ಟೆಲ್ಲ ಓದಿದ ಮೇಲೆ ಕೇಳದಿರಲು ಆಗುತ್ತಿಲ್ಲ. ಆ ಊರಿಗೆ ನೀರು ಬಂತೇ?

ಬದಿಯಡ್ಕದ ವರದಿಗಾರ
ಇಲ್ಲ ಅಕ್ಕ. ಈ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಟ್ಯಾಂಕರ್ ಬರುತ್ತಿತ್ತು. ಟ್ಯಾಂಕರಿನ ಗುತ್ತಿಗೆಯ ಕಾಗದಗಳನ್ನು ಈಗ ಒಟ್ಟು ಮಾಡುತ್ತಿದ್ದೇನೆ.